ಬಿಳಿ ರಕ್ತಕಣ ಏರಿದರೆ ಹೆದರಬೇಕೇ?

ಪ್ರಶ್ನೆ: ಡಾಕ್ಟರೇ, ನಾನು ಸಂತೆಮರಹಳ್ಳಿಯ ರೇಷ್ಮೆ ಬೆಳೆಗಾರ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಎದ್ದಿತ್ತು. ಸೊಪ್ಪು ಕೊಯ್ಯುವ ಅವಸರದಲ್ಲಿ ಕುಡುಗೋಲು ತಾಗಿ ಬೆರಳು ಕುಯ್ದುಹೋಯಿತು. ಕೀವಾಗಿ ಜ್ವರವೂ ಬಂತು. ರಕ್ತಪರೀಕ್ಷೆಯಲ್ಲಿ ಬಿಳಿ ಕಣ 14,200, ಅದರಲ್ಲಿ ನ್ಯೂಟ್ರೋಫಿಲ್ ಶೇ. 84 ಎಂದಿದೆ. ಇದು ರಕ್ತದ ಕ್ಯಾನ್ಸರ್ ಇರಬಹುದು ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ನಿದ್ದೆಯೇ ಇಲ್ಲ. ಇನ್ನೊಂದು ಮಾತು: ನಮ್ಮ ಹುಳುಗಳಿಗೂ ಬಿಳಿ ಕಣ ಇದೆಯೇ? ಇದ್ದರೆ ಹಾಲುತೊಂಡೆ ರೋಗಕ್ಕೆ ಲಸಿಕೆ ಯಾಕಿಲ್ಲ?

ಉತ್ತರ: ಕೀವಾದ ಗಾಯವಿರುವಾಗ ಈ ಲೆಕ್ಕ ಏರುವುದೇ ಸಹಜ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ನ್ಯೂಟ್ರೋಫಿಲ್ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ದಿನವೊಂದಕ್ಕೆ ಹತ್ತಿರಹತ್ತಿರ 10,000 ಕೋಟಿ. ಒಂದು ಕಣ ಬಲಿಯಲು ವಾರಕ್ಕೂ ಮಿಕ್ಕಿ ಹಿಡಿಯುತ್ತದೆ. ಆದರೂ ಬಲಿತ ಕಣಗಳ ದಾಸ್ತಾನು ಮಜ್ಜೆಯಲ್ಲಿ ಸದಾ ಇರುವುದರಿಂದ, ಗಾಯಕ್ಕೆ ರೋಗಾಣು ಸೇರಿದ ಕೆಲವೇ ಗಂಟೆಗಳಲ್ಲಿ ಅವು ರಕ್ತಕ್ಕೆ ಇಳಿಯುತ್ತವೆ. ರಕ್ತನಾಳದ ಗೋಡೆಗೆ ಅಂಟಿಕೊಂಡು, ಸಂದಿಯಲ್ಲಿ ನುಸುಳಿ ಹೊರಬಂದು, ರೋಗಾಣುವನ್ನು ನುಂಗಿ ಕೊಂದು ತಾವೂ ಸಾಯುತ್ತವೆ. ನಿಮ್ಮ ಬೆರಳಿನ ಕೀವು ಬಹುಪಾಲು ಹಾಗೆ ಸತ್ತ ಕಣಗಳೇ. ಹಿಂದೆಯೇ ಬರುವ ಮೋನೋಸೈಟ್ ಎಂಬ ಬಿಳಿ ಕಣಗಳು ಅಂಗಾಂಶದಲ್ಲಿ ಮ್ಯಾಕ್ರೋಫೇಜ್‌ಗಳಾಗಿ ಬೆಳೆದು ಆ ಅವಶೇಷವನ್ನೆಲ್ಲ ತೆಗೆಯುತ್ತವೆ. ಗಾಯ ಮಾಗಿದ ಎರಡು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಲೆಕ್ಕ ಇಳಿಯದಿದ್ದರೆ, ಅಥವಾ ವರದಿಯಲ್ಲಿ ಬಲಿಯದ ಕಣಗಳು ಕಂಡವು ಎಂದಿದ್ದರೆ, ಆಗ ಮುಂದಿನ ತಪಾಸಣೆ ಬೇಕು.

ನಿಮ್ಮ ಎರಡನೇ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹುಳುವಿಗೂ ಅಂಥ ಕಣಗಳಿವೆ, ಹೀಮೋಸೈಟ್ ಎನ್ನುತ್ತಾರೆ. ಊಜಿ ನೊಣದ ಮರಿ ಕೊರೆದು ಒಳಹೊಕ್ಕ ಜಾಗದಲ್ಲಿ ಹುಳುವಿನ ಮೈಮೇಲೆ ಕಪ್ಪು ಕಲೆ ನೋಡಿರುತ್ತೀರಿ. ಗಾಯ ಮುಚ್ಚಿ ಶತ್ರುವನ್ನು ಕಟ್ಟಿಹಾಕಲು ಅದರ ದೇಹ ಹೂಡಿದ ಹೋರಾಟದ ಗುರುತು ಅದು. ಬಿಳಿ ಕಣಗಳ ಈ ಕೆಲಸ ಮೊದಲು ಅರ್ಥವಾದದ್ದೂ ಬೆನ್ನೆಲುಬಿಲ್ಲದ ಜೀವಿಯಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದಾಗ, ಮರುದಿನ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ಆದರೆ ಹುಳುವಿಗಿರುವುದು ಹುಟ್ಟಿನಿಂದ ಬಂದ ಈ ರಕ್ಷಣೆಯೊಂದೇ. ನಮ್ಮ ಲಸಿಕೆಗಳು ನಂಬಿಕೊಂಡಿರುವ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಹಾಲುತೊಂಡೆಗೆ ಮದ್ದು ಸ್ವಚ್ಛತೆಯೇ: ಪ್ರತಿ ಬೆಳೆಗೂ ಮುನ್ನ ಹುಳುಮನೆಗೆ ಸೋಂಕುನಿವಾರಕ ಸಿಂಪಡಿಸಿ, ರೋಗದ ಹುಳು ಕಂಡ ಕೂಡಲೇ ಆರಿಸಿ ತೆಗೆಯಿರಿ.

ನಿಮಗೆ ಪ್ರತಿಕಾಯ ತಯಾರಿಸುವ ಆ ಎರಡನೇ ಶಕ್ತಿಯೂ ಇದೆ, ಅದನ್ನು ಬಳಸಿಕೊಳ್ಳಿ. ಮಣ್ಣು, ಗೊಬ್ಬರ ತಾಗಿದ ಕುಡುಗೋಲಿನ ಗಾಯದಿಂದ ಧನುರ್ವಾಯು ಬರಬಹುದು. ಅದರ ವಿಷವನ್ನು ಬಿಳಿ ಕಣ ನುಂಗಿ ಮುಗಿಸಲಾರದು, ಪ್ರತಿಕಾಯವೇ ಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಮೀರಿದ್ದರೆ ತಡಮಾಡದೆ ಇವತ್ತೇ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳಿ.