ಕೈಗೆ ಮಣ್ಣು, ಬಾಯಿಗೆ ಹಾಡು

ನಮ್ಮ ಧಾರವಾಡದ ಕಡೆ ಎಳೆಯ ಮಕ್ಕಳ ತಂದೆತಾಯಿ ಈಗೀಗ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: ಕೂಸನ್ನು ಯಾವ ಕ್ಲಾಸಿಗೆ ಹಾಕೋಣ, ಡ್ರಾಯಿಂಗಿಗೋ ಹಾಡಿಗೋ? ಎಲ್ಲಿಗಾದರೂ ಹಾಕಿ, ನನ್ನ ತಕರಾರಿಲ್ಲ. ಆದರೆ ಹಾಡು, ಮಣ್ಣಿನ ಕೆಲಸ, ಹೊಲಿಗೆ, ರಂಗೋಲಿ ಇವೆಲ್ಲ ನಮ್ಮಲ್ಲಿ ಬೇರೆ ಬೇರೆ ಪಾಠಗಳಾಗಿ ಎಂದೂ ಇರಲಿಲ್ಲ. ಒಂದು ಹಬ್ಬಕ್ಕೆ, ಒಂದು ಮನೆಗೆಲಸಕ್ಕೆ ಅಂಟಿಕೊಂಡು ಬಂದವು. ಹಾಗೆ ಅಂಟಿಸಿಯೇ ಕೊಟ್ಟರೆ ಮಕ್ಕಳಲ್ಲಿ ಉಳಿಯುತ್ತವೆ. ಕಿತ್ತು ಕೊಟ್ಟರೆ ಪರೀಕ್ಷೆ ಮುಗಿದ ಮೇಲೆ ಹಾರಿಹೋಗುತ್ತವೆ. ಕನ್ನಡ ಶಾಲೆಯಲ್ಲಿ ಬಹಳ ಕಾಲ ಪಾಠ ಹೇಳಿದವಳು, ಈಗ ಮೊಮ್ಮಕ್ಕಳನ್ನು ಆಡಿಸುವವಳು ಎಂಬ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ.

• ಮೊದಲು ಪಂಚಾಂಗ ತೆಗೆಯಿರಿ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಶ್ರಾವಣದ ಪಂಚಮಿಗೆ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಮಳೆ ಬಿದ್ದು ನೆಲ ಮೆತ್ತಗಾಗುವ ತಿಂಗಳುಗಳಲ್ಲೇ ಮಣ್ಣಿನ ದೇವರುಗಳೆಲ್ಲ ಸಾಲಾಗಿ ಬರುತ್ತಾರೆ. ಪುಟ್ಟ ಕೈಗೆ ನಾಗಪ್ಪ ಸುಲಭ, ಒಂದು ಬತ್ತಿ ಹೊಸೆದು ಸುತ್ತಿ ಹೆಡೆ ಎತ್ತಿಸಿದರೆ ಮುಗಿಯಿತು. ಎತ್ತಿಗೆ ನಾಲ್ಕು ಕಾಲು, ಹಿಣಿಲು, ಕೋಡು ಬೇಕು. ಗಣಪನ ಸೊಂಡಿಲು ಕೂರಿಸುವುದು ದೊಡ್ಡವರಿಗೂ ಕಷ್ಟ. ಯಾವ ಪಠ್ಯಪುಸ್ತಕ ಸಮಿತಿ ಕೂತು ಬರೆದರೂ ಇಷ್ಟು ಚಂದದ ಪಾಠಪಟ್ಟಿ ಆಗಲಿಕ್ಕಿಲ್ಲ.

• ಮಣ್ಣು ಹದ ಮಾಡುವುದನ್ನೂ ಮಕ್ಕಳಿಂದಲೇ ಮಾಡಿಸಿ. ಅರ್ಧ ಸಂತೋಷ ಇರುವುದು ಅಲ್ಲೇ. ಕುಂಬಾರರ ಓಣಿ ಹತ್ತಿರವಿದ್ದರೆ ಅವರಿಂದಲೇ ಒಂದು ಬುಟ್ಟಿ ಕೊಳ್ಳಿ, ಜೊತೆಗೆ ಮಗುವನ್ನೂ ಕರೆದೊಯ್ಯಿರಿ. ಇಲ್ಲವಾದರೆ ಹೊಲದ ಎರೆಮಣ್ಣು ಸಾಕು. ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಕಲ್ಲು ಕಸ ತೆಗೆದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಬೇಸಿಗೆಯಲ್ಲಿ ಹೊಲದಲ್ಲಿ ಬಾಯಿ ಬಿಡುವ ಎರೆ ನಿಮ್ಮ ಅಟ್ಟದ ಮೇಲೂ ಬಾಯಿ ಬಿಡುತ್ತದೆ. ಅದಕ್ಕೇ ಸ್ವಲ್ಪ ಸಣ್ಣ ಉಸುಕು ಇಲ್ಲವೇ ಬಿಡಿಸಿದ ಹತ್ತಿಯ ಎಳೆ ಸೇರಿಸಿ ನಾದಬೇಕು. ಬಿಸಿಲಿಗೆ ಇಡಬೇಡಿ, ನೆರಳಿನಲ್ಲಿ ನಿಧಾನಕ್ಕೆ ಒಣಗಲಿ. ಕಾಲುಗಳನ್ನು ಮೈಯಿಂದಲೇ ಎಳೆದು ತೆಗೆದರೆ ಗಟ್ಟಿ. ಬೇರೆಯಾಗಿ ಮಾಡಿ ಹಚ್ಚುವುದಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ಕೆಸರು ಸವರಿ ಒತ್ತಿ. ಗ್ವಾದಲಿ ಮಾಡುವುದನ್ನು ಮರೆಯಬೇಡಿ. ಎತ್ತಿಗೆ ಮೇವು ಹಾಕುವುದಿದೆಯಲ್ಲ, ಮಕ್ಕಳ ಆಟ ಅಲ್ಲಿಂದಲೇ ಶುರು.

• ಅವರು ಮಾಡಿದ ಎತ್ತನ್ನು ತಿದ್ದಬೇಡಿ. ಮಗು ನೀರು ಕುಡಿಯಲು ಎದ್ದು ಹೋದಾಗ ಕೋಡು ಸರಿ ಮಾಡಿಡುವ ಅಪ್ಪಂದಿರನ್ನು ಕಂಡಿದ್ದೇನೆ. ಮಗು ತಿರುಗಿ ಬಂದ ಕ್ಷಣವೇ ಗುರುತಿಸುತ್ತದೆ, ಆಮೇಲೆ ಆ ಎತ್ತು ತನ್ನದಲ್ಲ ಎನ್ನುತ್ತದೆ. ಕುಂಟೆತ್ತಾದರೆ ಕುಂಟೆತ್ತೇ ಇರಲಿ.

• ಒಂದು ಎಚ್ಚರ, ಇದನ್ನು ಎರಡು ಸಲ ಓದಿ. ಗುಳ್ಳವ್ವನ ಸಿಂಗಾರಕ್ಕೆ ಗುಲಗಂಜಿ ಹಚ್ಚುವ ರೂಢಿ ಇದೆ. ಕೆಂಪು ಮೈ, ಕಪ್ಪು ಬೊಟ್ಟು, ನೋಡಲು ಬಲು ಚಂದ. ಆದರೆ ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಒಡೆದ ಕಾಳನ್ನು ಮಗು ಅಗಿದು ನುಂಗಿದರೆ ಜೀವಕ್ಕೇ ಕುತ್ತು. ಸೂಜಿ ಚುಚ್ಚಿ ಸರ ಪೋಣಿಸುವುದಂತೂ ಬೇಡವೇ ಬೇಡ. ಕಣ್ಣಿಗೆ ಜೋಳ, ಸರಕ್ಕೆ ಕುಸುಬೆ ಬಳಸಿ, ಗುಳ್ಳವ್ವ ಮುನಿಸಿಕೊಳ್ಳುವುದಿಲ್ಲ. ತೀರ ಎಳೆಯ ಕೂಸು ಇದ್ದಲ್ಲಿ ಯಾವ ಕಾಳೂ ಕೈಗೆ ಸಿಗದಂತೆ ನೋಡಿಕೊಳ್ಳಿ, ಮೂಗಿಗೆ ತುರುಕಿಕೊಳ್ಳುತ್ತದೆ. ಹಾಗೆಯೇ ಮನೆಯಲ್ಲಿ ಕಾಯಿಸುವ ಮೈದಾ ಅಂಟಿಗೆ ಹುಳ ಬಾರದಿರಲೆಂದು ಮೈಲುತುತ್ತ ಹಾಕುವವರಿದ್ದಾರೆ, ಅದೂ ವಿಷ. ಬೇಕಾದಷ್ಟೇ ಕಾಯಿಸಿ, ಉಳಿದದ್ದನ್ನು ಚೆಲ್ಲಿ.

• ಹಾಡನ್ನು ಕೆಲಸದ ಜೊತೆ ಕೊಡಿ. ನಮ್ಮ ಅವ್ವಂದಿರು ಹಾಡಲು ಅಂತ ಕೂತವರಲ್ಲ, ಬೀಸಲು ಕೂತವರು. ಬೀಸುಕಲ್ಲು ಸುತ್ತುವ ಲಯಕ್ಕೆ ತ್ರಿಪದಿ ಹುಟ್ಟಿ ಬಾಯಿಂದ ಬಾಯಿಗೆ ಬಂತು. ಹಲಸಂಗಿ ಗೆಳೆಯರು ಅವನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸಿದರು. ಪುಸ್ತಕ ಇಂದಿಗೂ ಸಿಗುತ್ತದೆ, ಮನೆಯಲ್ಲಿ ಒಂದು ಇರಲಿ. ಕಲ್ಲು ಮೂಲೆ ಸೇರಿ ಮಿಕ್ಸರ್ ಬಂದಿದೆ, ಅದರ ಗದ್ದಲದಲ್ಲಿ ಯಾರೂ ಹಾಡಲಾರರು, ಒಪ್ಪುತ್ತೇನೆ. ಆದರೆ ಅವರೆಕಾಯಿ ಸುಲಿಯುವುದು, ಶೇಂಗಾ ಒಡೆಯುವುದು, ಮೆಂತ್ಯ ಪಲ್ಯ ಸೋಸುವುದು ಇನ್ನೂ ಕೈಕೆಲಸವೇ. ಮಗುವಿನ ಮುಂದೆ ಒಂದು ಬಟ್ಟಲು ಶೇಂಗಾ ಇಟ್ಟು, ನೀವೂ ಕೂತು ಒಂದೇ ಒಂದು ತ್ರಿಪದಿ ಎತ್ತಿಕೊಳ್ಳಿ. ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ತುಂಡನ್ನು ಮತ್ತೊಮ್ಮೆ ಎಳೆದು ಮೂರನೆಯದಕ್ಕೆ ಹೋಗಬೇಕು. ಮಗು ಕೂಡಿಕೊಳ್ಳುವುದು ಆ ಮರುಕಳಿಕೆಯಲ್ಲೇ. ವಾರಕ್ಕೆ ಒಂದು ತ್ರಿಪದಿ ಸಾಕು.

• ನಿಮ್ಮ ದನಿ ಚೆನ್ನಾಗಿಲ್ಲ ಎಂಬ ನೆಪ ನಡೆಯುವುದಿಲ್ಲ. ಜೋಗುಳ ಕೇಳಿ ಯಾವ ಕೂಸೂ ಶ್ರುತಿ ತಪ್ಪಿತು ಅಂದಿಲ್ಲ.

• ಪದ್ಯಕ್ಕೆ ಅರ್ಥ ಹೇಳಲು ಅವಸರ ಮಾಡಬೇಡಿ. ಪಂಜೆ ಮಂಗೇಶರಾಯರು (1874–1937) ಮಾಸ್ತರರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆಯೇ ಬಾಳಿದವರು. ‘ಕವಿಶಿಷ್ಯ’ ಎಂದು ಹೆಸರಿಟ್ಟುಕೊಂಡು ಬರೆದರು. ಅವರ ‘ತೆಂಕಣ ಗಾಳಿಯಾಟ’ವನ್ನು ಗಾಳಿ ಬೀಸುವ ಸಂಜೆ, ಕಿಟಕಿ ಬಡಿಯುತ್ತಿರುವಾಗ ಗಟ್ಟಿಯಾಗಿ ಓದಿ. ಶಬ್ದಗಳೇ ಕೆಲಸ ಮಾಡುತ್ತವೆ, ನೀವು ನಡುವೆ ಬಾಯಿ ಹಾಕಬೇಕಿಲ್ಲ. ರಾಜರತ್ನಂ ಅವರ ಶಿಶುಗೀತೆಗಳು ತೀರ ಚಿಕ್ಕವರಿಗೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಉದ್ದ ಇದೆ, ಅದನ್ನು ಒಂದೇ ರಾತ್ರಿ ಮುಗಿಸಬೇಡಿ. ಇಲಿಗಳು ಹೊಳೆಗೆ ಬೀಳುವಲ್ಲಿಗೆ ನಿಲ್ಲಿಸಿ ದೀಪ ಆರಿಸಿ. ಮರುದಿನ ಅವರೇ ಪುಸ್ತಕ ಹಿಡಿದು ಬರುತ್ತಾರೆ. ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಕಥೆಯನ್ನು ಕುವೆಂಪು ತುಂಗೆಯ ದಂಡೆಗೆ ತಂದು ನಿಲ್ಲಿಸಿದರು ಎಂಬುದನ್ನು ಹೈಸ್ಕೂಲಿಗೆ ಹೋದ ಮೇಲೆ ಹೇಳಿದರಾಯಿತು.

• ಬಂದವರ ಮುಂದೆ ‘ಎಲ್ಲಿ, ಆ ಹಾಡು ಹೇಳು’ ಎಂದು ನಿಲ್ಲಿಸಬೇಡಿ. ಶಾಲೆಯ ಗ್ಯಾದರಿಂಗ್ ಬೇರೆ ಮಾತು, ಅಲ್ಲಿ ಹತ್ತು ಮಂದಿಯ ಜೊತೆ ನಿಲ್ಲುತ್ತದೆ. ಸೋಫಾದ ಮುಂದೆ ಒಂಟಿಯಾಗಿ ನಿಂತ ಮಗುವಿಗೆ ಹಾಡು ಶಿಕ್ಷೆಯಾಗುತ್ತದೆ. ಹಾಡಿದರೆ ಚಾಕೊಲೇಟ್ ಕೊಡುತ್ತೇನೆ ಎನ್ನುವುದೂ ಇದೇ ಜಾತಿಯ ತಪ್ಪು.

• ಎಂಟು ವರ್ಷ ದಾಟಿದವರಿಗೆ ಕಸೂತಿ ತೋರಿಸಿ, ಹುಡುಗರಿಗೂ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು, ಗಂಟು ಬಿಡಬಾರದು. ಇಳಕಲ್ ಸೀರೆಯ ಮೇಲೆ ಶುರು ಮಾಡಿಸಿದರೆ ಕಣ್ಣೂ ಸೋಲುತ್ತದೆ, ಮನಸ್ಸೂ. ಎಳೆ ದಪ್ಪ ಇರುವ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಒಂದೇ ಬಣ್ಣದ ದಾರ ಕೊಡಿ. ಗವಂತಿಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಸಂದು ತುಂಬಬೇಕು, ಆಗ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಒಂದು ಎಳೆ ತಪ್ಪಿದರೂ ಹೊಲಿದ ಗೋಪುರ ವಾಲುತ್ತದೆ. ಲೆಕ್ಕಕ್ಕೆ ಹೆದರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮನೆಪಾಠ ನನಗೆ ಗೊತ್ತಿಲ್ಲ.

• ಬಣ್ಣದ ಡಬ್ಬಿ ಇಲ್ಲದ ದಿನ ಅಡುಗೆಮನೆಗೆ ಬನ್ನಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಗಾಗುತ್ತದೆ; ಆರತಿಯ ತಟ್ಟೆಯಲ್ಲಿ ದಿನಾ ನೋಡುವ ಸಂಗತಿ. ಸುಣ್ಣವನ್ನು ನೀವೇ ಹಾಕಿ, ಕಣ್ಣಿಗೆ ಸಿಡಿದರೆ ಕೆಟ್ಟದ್ದು. ಬಸಳೆಯ ಹಣ್ಣು ಹಿಂಡಿದರೆ ನೇರಳೆ ಬಣ್ಣ.

• ಆಟಿಕೆ ಕೊಳ್ಳುವಾಗ ಅದು ಹುಟ್ಟಿದ ಕಥೆಯನ್ನೂ ಕೊಡಿ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯುವುದಿಲ್ಲ. ಚರಕಿಯ ಮೇಲೆ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಬೆಂಗಳೂರು–ಮೈಸೂರು ನಡುವೆ ಓಡಾಡುವವರು ಒಮ್ಮೆ ಗಾಡಿ ನಿಲ್ಲಿಸಿ, ಅಂಗಡಿಗಲ್ಲ, ಕೆಲಸದ ಮನೆಗೆ ಕೇಳಿಕೊಂಡು ಹೋಗಿ ತೋರಿಸಿ.

• ಜೋಕುಮಾರನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು ಹಾಡುತ್ತ ಬರುವ ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ಸಾಗಹಾಕಬೇಡಿ. ಮೊರದಲ್ಲಿ ಜೋಳ ಹಾಕಿ ಮಗುವಿನ ಕೈಗೆ ಕೊಡಿ, ಹಾಡು ಮುಗಿಯುವ ತನಕ ನಿಂತು ಕೇಳಲಿ. ಸ್ವಂತ ಊರಿನ ಹಾಡುಗಾರರಿಗೆ ಮರ್ಯಾದೆ ಕೊಡುವುದನ್ನು ಮಕ್ಕಳು ನಿಮ್ಮನ್ನು ನೋಡಿಯೇ ಕಲಿಯುತ್ತಾರೆ.

• ದೂರದೇಶದಲ್ಲಿರುವವರಿಗೆ: ವಿಡಿಯೋ ಕಾಲಿನಲ್ಲಿ ಅಜ್ಜಿಗೆ ‘ಊಟ ಆಯ್ತಾ’ ಎಂದು ಕೇಳಿ ಮುಗಿಸಬೇಡಿ. ನಿಮ್ಮೂರಿನಲ್ಲಿ ಈ ಹಬ್ಬಕ್ಕೆ ಏನು ಹಾಡುತ್ತಿದ್ದಿರಿ ಎಂದು ಮಗುವಿನಿಂದ ಕೇಳಿಸಿ. ಯೂಟ್ಯೂಬಿನ ಹಾಡಿಗೆ ವಾದ್ಯ ಹೆಚ್ಚು, ಅಜ್ಜಿಯ ಹಾಡಿಗೆ ನಿಮ್ಮ ಮನೆತನದ ಧಾಟಿ. ಎರಡೂ ಇರಲಿ, ಅಜ್ಜಿಯದು ಮೊದಲು.

• ಕೊನೆಯದಾಗಿ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮನೆಯ ಹಿರಿಯರು ಹಾಡುವುದನ್ನು ಹಾಡಿದ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಪಕ್ಕದಲ್ಲಿ ಹಾಡಿದವರ ಹೆಸರು, ಊರು, ಯಾವ ಕೆಲಸಕ್ಕೆ ಅಥವಾ ಯಾವ ಹಬ್ಬಕ್ಕೆ ಹಾಡುತ್ತಿದ್ದರು ಎಂಬುದು ಇರಲಿ. ಚಿತ್ರ ಬರೆಯುವ ಕೆಲಸ ಮಗುವಿಗೆ ಬಿಡಿ. ಧಾಟಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ಆ ಯಂತ್ರದಿಂದ ಇಷ್ಟಾದರೂ ಉಪಕಾರವಾಗಲಿ. ಮುಂದಿನ ಯುಗಾದಿಗೆ ಎಂದು ಮುಂದೂಡಬೇಡಿ. ಅಜ್ಜಿ ಮನೆಯಲ್ಲಿದ್ದಾರೆ ಎಂದರೆ ಈ ಭಾನುವಾರವೇ ಕೂತು ಬರೆದುಕೊಳ್ಳಿ.