ನಾಣ್ಯದ ಮೇಲಣ ದೇವರು

ಗೋಪಾಳದ ನಮ್ಮ ಬೀದಿಗಳಲ್ಲಿ ಹೂವು ಮಾರುವ ನನ್ನ ಅವ್ವನಿಗೆ ಓದುಬರಹ ಬಾರದು. ಆದರೂ ಹತ್ತು ರೂಪಾಯಿಯ ನಾಣ್ಯವನ್ನು ಹಳದಿ ಅಂಚಿನಿಂದಲೇ ಗುರುತಿಸುವಳು. ಪರಿಚಯವಿಲ್ಲದ ನಾಣ್ಯ ಬಂದರೆ ಎರಡು ಸಲ ತಿರುಗಿಸಿ ನೋಡುವಳು. ಪರ್ಷಿಯದ ಪ್ರಾಚೀನ ಬೆಳ್ಳಿ ನಾಣ್ಯಗಳ ವಿಷಯವನ್ನು ಓದುವಾಗ ನನಗೆ ನೆನಪಾದುದು ಅವ್ವನ ಈ ವಿದ್ಯೆಯೇ.

ಕ್ರಿ. ಶ. 224ರಲ್ಲಿ ಅರ್ದಶೀರನು ಪರ್ಷಿಯದಲ್ಲಿ ಸಸಾನಿಯನ್ ಸಾಮ್ರಾಜ್ಯವನ್ನು ಸ್ಥಾಪಿಸಿದನು. ಈ ವಂಶದವರ ಬೆಳ್ಳಿಯ ದ್ರಮ್ಮವು ಸುಮಾರು 4 ಗ್ರಾಂ ತೂಕದ, ತೆಳುವಾದ ನಾಣ್ಯ. ನಮ್ಮ ಶಾಸನಗಳಲ್ಲಿ ಬರುವ ‘ದ್ರಮ್ಮ’ವೆಂಬ ಮಾತೂ ಇದರ ಬಂಧುವೇ. ನಾಣ್ಯದ ಒಂದು ಮುಖದಲ್ಲಿ ಕಿರೀಟಧಾರಿಯಾದ ಅರಸು, ಸುತ್ತಲೂ ಪಹ್ಲವಿ ಲಿಪಿಯ ಬರಹ. ಮೊದಲ ಅರಸರು ತಾವು ಮಜ್ದನ ಆರಾಧಕರೆಂದು ಅದರಲ್ಲಿ ಸಾರಿಕೊಂಡಿದ್ದಾರೆ. ಇನ್ನೊಂದು ಮುಖದಲ್ಲಿ ಉರಿಯುವ ಅಗ್ನಿವೇದಿಕೆ. ಅರ್ದಶೀರನ ಮಗ ಶಾಪೂರನ ಕಾಲದಿಂದ ಅದರ ಎಡಬಲಗಳಲ್ಲಿ ಇಬ್ಬರು ನಿಂತಿರುವುದು ಕಾಣಬರುತ್ತದೆ. ಜರತುಷ್ಟ್ರನ ಮತದಲ್ಲಿ ಅಗ್ನಿಯು ಅಹುರ ಮಜ್ದನ ಪವಿತ್ರ ಕುರುಹು.

651ರಲ್ಲಿ ಕೊನೆಯ ಅರಸನಾದ ಮೂರನೆಯ ಯಜ್ದಗಿರ್ದನು ಹತನಾದನು. ದೇಶವು ಅರಬರ ವಶವಾಯಿತು. ಹೊಸ ಒಡೆಯರು ಅಗ್ನಿಯನ್ನು ಆರಾಧಿಸುವವರಲ್ಲ. ಹಾಗಾದರೆ ಆ ವೇದಿಕೆಯನ್ನು ಅಳಿಸಿದರೆ? ಇಲ್ಲ. ಅಂಚಿನಲ್ಲಿ ‘ಬಿಸ್ಮಿಲ್ಲಾ’ ಎಂದು ಅರಬ್ಬಿಯಲ್ಲಿ ಸೇರಿಸಿ, ಹಳೆಯ ಮಾದರಿಯ ನಾಣ್ಯವನ್ನೇ ಟಂಕಿಸಿದರು. ಬರಹ ಮಾತ್ರವುಳ್ಳ ಬೆಳ್ಳಿ ನಾಣ್ಯವು ಖಲೀಫ ಅಬ್ದುಲ್ ಮಲಿಕನಿಂದ ಬಂದುದು 698ರ ಸುಮಾರಿಗೆ.

ಇಂತಹುದೇ ಸಂಗತಿ ನಮ್ಮ ಮಲೆನಾಡಿನಲ್ಲಿಯೂ ನಡೆದಿದೆ. ಕೆಳದಿ ಅರಸರ ಚಿನ್ನದ ಇಕ್ಕೇರಿ ವರಹದ ಮೇಲೆ ಒಂದು ಕಡೆ ಶಿವಪಾರ್ವತಿಯರು, ಹಿಂದುಗಡೆ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ವರಹವನ್ನು ಟಂಕಿಸಿದಾಗ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿದನು. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅರಬ್ಬೀ ಅಕ್ಷರವನ್ನು ಒತ್ತಿಸಿದನು.

ಇದನ್ನು ಔದಾರ್ಯವೆನ್ನಬಹುದು, ರಾಜನೀತಿಯೆನ್ನಬಹುದು. ನನಗೆ ತೋರುವುದು ಇಷ್ಟು: ಟಂಕಸಾಲೆ ಅರಸನದಾದರೂ ನಾಣ್ಯವನ್ನು ಒಪ್ಪಬೇಕಾದ ಕೈ ಸಂತೆಯ ಜನರದು. ಅಕ್ಷರವನ್ನರಿಯದ ಅವರಿಗೆ ಚಿತ್ರವೇ ಅಕ್ಷರ. ಪರಿಚಯದ ದೇವರನ್ನು ಕಂಡರೆ ಬೆಳ್ಳಿಯನ್ನೂ ಚಿನ್ನವನ್ನೂ ನಂಬುತ್ತಿದ್ದರು. ಗೆದ್ದ ಅರಸನೂ ಆ ನಂಬಿಕೆಗೆ ತಲೆಬಾಗಬೇಕಾಯಿತು.

ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಗೆ ಕುಳಿತವನು ನಾನೇ ಮೊದಲಿಗ. ಓದದವರಿಗೆ ಚರಿತ್ರೆಯಲ್ಲಿ ಸ್ಥಳವಿಲ್ಲವೆಂದು ನಾನೂ ಒಮ್ಮೆ ಭಾವಿಸಿದ್ದೆನು. ನಾಣ್ಯವನ್ನು ತಿರುಗಿಸಿ ನೋಡುವ ಅವ್ವನ ಕೈ ಕಂಡಾಗ ಈಗ ಹಾಗೆನ್ನಲು ನಾಲಗೆ ಬಾರದು.