ಗುದ್ದಲಿ ಪೂಜೆಗೆ ಮೊದಲೇ ಪೈಪು, ವೈರಿನ ಲೆಕ್ಕ

ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸುವವರು ನೀರು, ಚರಂಡಿ, ವಿದ್ಯುತ್ ವ್ಯವಸ್ಥೆಯನ್ನು ಹಂತ ಹಂತವಾಗಿ ಯೋಜಿಸುವುದು ಹೇಗೆ?

ಸಾಲ ಮಂಜೂರಾಗಿದೆ, ಮುಹೂರ್ತ ಸಿಕ್ಕಿದೆ, ನಕ್ಷೆಯೂ ಕೈಗೆ ಬಂದಿದೆ. ನಕ್ಷೆಯಲ್ಲಿ ಹಾಲ್ ಎಷ್ಟು ಅಗಲ, ದೇವರ ಮನೆ ಯಾವ ದಿಕ್ಕಿಗೆ ಎಂಬುದೆಲ್ಲ ಇದೆ. ಬಚ್ಚಲ ನೀರು ಯಾವ ದಾರಿಯಲ್ಲಿ ರಸ್ತೆಗೆ ಹೋಗುತ್ತದೆ, ಮೀಟರ್ ಬೋರ್ಡ್ ಎಲ್ಲಿ ಎಂದು ಕೇಳಿದರೆ ಮಾತ್ರ ಬರುವ ಉತ್ತರ ಒಂದೇ: ‘ಅದನ್ನೆಲ್ಲ ಆಮೇಲೆ ಪ್ಲಂಬರ್, ಎಲೆಕ್ಟ್ರಿಷಿಯನ್ ನೋಡ್ಕೋತಾರೆ.’ ಅವರು ಬರುವ ಹೊತ್ತಿಗೆ ಪಾಯ ಎದ್ದಿರುತ್ತದೆ, ಮೋಲ್ಡ್ ಬಿದ್ದಿರುತ್ತದೆ. ಆಮೇಲೆ ಉಳಿಯುವುದು ಗೋಡೆ ಒಡೆಯುವುದು, ಬೀಮ್ ಕೊರೆಯುವುದು. ಬೆಂಗಳೂರಿನ 30x40 ಅಡಿ ನಿವೇಶನವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸದ ಸರಿಯಾದ ಅನುಕ್ರಮವನ್ನು ನೋಡೋಣ.

1. ಮೂರು ನಕ್ಷೆ ಕೇಳಿ

ಇ-ಖಾತಾ, ಋಣಭಾರ ಪ್ರಮಾಣಪತ್ರ, ಮಣ್ಣಿನ ಪರೀಕ್ಷೆ ಮುಗಿದ ಮೇಲೆ ಆರ್ಕಿಟೆಕ್ಟ್ ಬಳಿ ಮೂರು ಬಗೆಯ ನಕ್ಷೆ ಬೇಕೆಂದು ಹೇಳಿ. ಮೊದಲನೆಯದು ಕೋಣೆಗಳದ್ದು, ಎರಡನೆಯದು ಕಾಲಂ-ಬೀಮ್-ಕಂಬಿಯದ್ದು, ಮೂರನೆಯದು ನೀರು, ಚರಂಡಿ, ವಿದ್ಯುತ್ತಿನದು. ಮೂರನೆಯದನ್ನು ನೀವು ಕೇಳದಿದ್ದರೆ ಬಹುಪಾಲು ಕಡೆ ಯಾರೂ ಬರೆಯುವುದಿಲ್ಲ. ಮಂಜೂರಾದ ನಕ್ಷೆ ಮೀರದಂತೆಯೂ ಎಚ್ಚರ ಇರಲಿ. ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರ ತೋರಿಸಿದ ಮೇಲೆಯೇ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಿಕ್ಕ ನಿವೇಶನಗಳಿಗೆ ರಾಜ್ಯದಲ್ಲಿ ಸಡಿಲಿಕೆ ಸಿಕ್ಕಿದೆಯಾದರೂ ನಿಮ್ಮ ಅಳತೆಗೆ, ನಿಮ್ಮ ಮಹಡಿಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಪಾಲಿಕೆಯ ವಾರ್ಡ್ ಎಂಜಿನಿಯರ್ ಕಚೇರಿಯಲ್ಲಿ ವಿಚಾರಿಸಿ.

2. ಮೊದಲ ಅಳತೆ ಮ್ಯಾನ್‌ಹೋಲ್‌ನದು

ಮನೆಯ ನೆಲ ಎಷ್ಟು ಎತ್ತರ ಬರಬೇಕು ಎಂಬುದನ್ನು ರಸ್ತೆಯ ಎತ್ತರ ನೋಡಿ ತೀರ್ಮಾನಿಸುವುದು ರೂಢಿ. ನಿಜವಾಗಿ ನೋಡಬೇಕಾದದ್ದು ಮ್ಯಾನ್‌ಹೋಲ್‌ನೊಳಗಿನ ಪೈಪು ಎಷ್ಟು ಆಳದಲ್ಲಿದೆ ಎಂಬುದನ್ನು.

ಹಿಂಬದಿಯ ಬಚ್ಚಲಿನಿಂದ ಮ್ಯಾನ್‌ಹೋಲ್‌ಗೆ 50 ಅಡಿ ದೂರ, ನಿವೇಶನ ಮತ್ತು ರಸ್ತೆ ಒಂದೇ ಮಟ್ಟ ಎಂದುಕೊಳ್ಳಿ. 4 ಅಂಗುಲದ ಪೈಪಿಗೆ 40 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟರೆ ಒಟ್ಟು 15 ಅಂಗುಲ ಇಳಿಯುತ್ತದೆ. ಹಿಂದಿನ ಚೇಂಬರ್‌ನಲ್ಲಿ ಪೈಪು ನೆಲದಿಂದ 18 ಅಂಗುಲ ಕೆಳಗಿದ್ದರೆ ರಸ್ತೆ ತಲುಪುವಾಗ ಅದು 33 ಅಂಗುಲ ಆಳದಲ್ಲಿರುತ್ತದೆ. ಮ್ಯಾನ್‌ಹೋಲ್‌ನ ಪೈಪು 30 ಅಂಗುಲ ಆಳದಲ್ಲೇ ಇದ್ದರೆ? ನೀರು ಮೇಲಕ್ಕೆ ಹತ್ತುವುದಿಲ್ಲ. ಮಣ್ಣು ತುಂಬಿಸಿ ನಿವೇಶನ ಎತ್ತರಿಸಬೇಕು, ಇಲ್ಲವೇ ಬಚ್ಚಲನ್ನು ಮುಂಭಾಗಕ್ಕೆ ತರಬೇಕು. ಪಾಯಕ್ಕೆ ಮೊದಲು ಗೊತ್ತಾದರೆ ಇದು ಪೆನ್ಸಿಲ್ ಗೆರೆಯ ತಿದ್ದುಪಡಿ.

ಜಲಮಂಡಳಿ ಸಿಬ್ಬಂದಿಯಿಂದ ಮುಚ್ಚಳ ತೆಗೆಸಿ ಕೋಲಿಳಿಸಿ ಅಳೆಸಿ. ಯಾರನ್ನೂ ಒಳಗೆ ಇಳಿಸಬೇಡಿ, ಅದು ಕಾನೂನುಬಾಹಿರ. ಮಳೆಗಾಲದಲ್ಲಿ ಆ ಮ್ಯಾನ್‌ಹೋಲ್ ಉಕ್ಕುತ್ತದೆಯೇ ಎಂದು ಅಕ್ಕಪಕ್ಕದವರನ್ನೂ ಕೇಳಿ. ಉಕ್ಕುವುದಾದರೆ ಮನೆಯ ಮಟ್ಟವನ್ನು ಇನ್ನಷ್ಟು ಏರಿಸುವುದೇ ಕ್ಷೇಮ.

3. ನೀರಿನ ಕೋಣೆಗಳು ಒಂದೇ ಸಾಲಿನಲ್ಲಿ

ಬಚ್ಚಲು, ಅಡುಗೆಮನೆ, ಬಟ್ಟೆ ಒಗೆಯುವ ಜಾಗ ಬೆನ್ನಿಗೆ ಬೆನ್ನು ತಾಗಿಕೊಂಡಿರಲಿ. ಮಹಡಿಯ ಬಚ್ಚಲು ಕೆಳಗಿನ ಬಚ್ಚಲಿನ ಮೇಲೆಯೇ ಬರಲಿ. ಆಗ ಪೈಪೆಲ್ಲ ಒಂದೇ ಡಕ್ಟ್‌ನಲ್ಲಿ ಇಳಿಯುತ್ತದೆ. ಊಟದ ಮೇಜಿನ ನೆತ್ತಿಯ ಮೇಲೆ ಕಮೋಡ್ ಇಟ್ಟ ಮನೆಯಲ್ಲಿ ಒಂದು ಸೋರಿಕೆ ಸಾಕು, ಸೀಲಿಂಗೇ ಕೀಳಬೇಕು. ಡಕ್ಟ್ ಕೂಡ ಪ್ಲಂಬರ್ ಒಳಗೆ ನಿಂತು ಕೆಲಸ ಮಾಡುವಷ್ಟು, ಅಂದರೆ ಎರಡೂವರೆ ಅಡಿಯಾದರೂ ಇರಲಿ.

ಕಮೋಡ್ ಮಾದರಿಯನ್ನು ಕೊನೆಗೆ ಆರಿಸುವುದು ಎಲ್ಲರೂ ಮಾಡುವ ತಪ್ಪು. ಪಿ-ಟ್ರಾಪ್ ಗೋಡೆಗೆ ಹೋಗುತ್ತದೆ, ಎಸ್-ಟ್ರಾಪ್ ನೆಲಕ್ಕೆ. ಎಸ್-ಟ್ರಾಪ್‌ನಲ್ಲಿ ಗೋಡೆಯಿಂದ ಪೈಪಿನ ನಡುವಿಗೆ ಇರಬೇಕಾದ ಅಂತರ ಮಾದರಿಯಿಂದ ಮಾದರಿಗೆ ಬೇರೆ. ಮಾದರಿಯ ಅಳತೆ ಚೀಟಿ ಪ್ಲಂಬರ್ ಕೈಗೆ ಮೋಲ್ಡ್‌ಗಿಂತ ಮುಂಚೆ ಸಿಗಬೇಕು. ಬಿಸಿನೀರಿಗೆ ಸಿಪಿವಿಸಿ ಪೈಪು ಬೇಕು, ಮಾಮೂಲು ಪಿವಿಸಿ ತಡೆಯುವುದಿಲ್ಲ.

4. ಸಂಪು, ಟ್ಯಾಂಕಿನ ಗಾತ್ರ

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ಮನೆಗಳಿಗೆ ಹಾಕುವ ಸಾಮಾನ್ಯ ಲೆಕ್ಕ. ಐವರಿಗೆ 675 ಲೀಟರ್. ವಾರದ ದಾಸ್ತಾನೆಂದರೆ ಐದು ಸಾವಿರದ ಹತ್ತಿರ. ಆದರೆ ಬೇಸಿಗೆಯಲ್ಲಿ 6,000 ಲೀಟರ್ ಟ್ಯಾಂಕರ್ ತರಿಸಿದಾಗ ತಳದಲ್ಲಿ ಸ್ವಲ್ಪ ನೀರಿದ್ದರೂ ಅಷ್ಟನ್ನೂ ಹಿಡಿಯಬೇಕಲ್ಲ? ಒಳಗಿನ ಅಳತೆ 8x6 ಅಡಿ, ನೀರಿನ ಆಳ 6 ಅಡಿ ಇದ್ದರೆ 8,000 ಲೀಟರ್ ಮೀರುತ್ತದೆ.

ಸಂಪು ಕಾರು ನಿಲ್ಲಿಸುವ ಜಾಗದಡಿ ಬರುವುದಾದರೆ ಅದರ ಮೇಲಿನ ಸ್ಲ್ಯಾಬ್ ಕಾರಿನ ಭಾರ ತಡೆಯುವಂತೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ. ವಾಸ್ತು ಪ್ರಕಾರ ಸಂಪು ಈಶಾನ್ಯಕ್ಕೇ ಬೇಕೆನ್ನುವವರು ಅದನ್ನು ಮೊದಲ ದಿನವೇ ಹೇಳಿಬಿಡಿ. ಮ್ಯಾನ್‌ಹೋಲೂ ಅದೇ ಮೂಲೆಯಲ್ಲಿದ್ದರೆ ಕೊಳಚೆ ಪೈಪು ಕುಡಿಯುವ ನೀರಿನ ಪಕ್ಕದಲ್ಲೇ ಹಾಯುತ್ತದೆ. ಆ ಪೈಪಿನ ದಾರಿ ಬದಲಿಸಲು ಆಗಿನ್ನೂ ಅವಕಾಶವಿರುತ್ತದೆ.

ತಾರಸಿಯ 1,000 ಲೀಟರ್ ಟ್ಯಾಂಕಿನಲ್ಲಿ ನೀರಿನ ಭಾರವೇ ಒಂದು ಟನ್. ಅದರ ಜಾಗವನ್ನು ಕಾಲಂ ನಕ್ಷೆಯಲ್ಲೇ ಗುರುತಿಸಬೇಕು. ಸೋಲಾರ್ ವಾಟರ್ ಹೀಟರ್ ಹಾಕಿಸುವುದಾದರೆ ತಣ್ಣೀರ ಟ್ಯಾಂಕ್ ಅದಕ್ಕಿಂತ ಎತ್ತರದಲ್ಲಿರಲಿ.

5. ಮಳೆನೀರು

ಬೆಂಗಳೂರಿನಲ್ಲಿ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ದಂಡದ ಮಾತು ಬಿಡಿ, ಲಾಭ ನೋಡಿ. ಇಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ತಾರಸಿ 80 ಚದರ ಮೀಟರ್, ಅಂದರೆ ಸುಮಾರು 860 ಚದರ ಅಡಿ ಇದ್ದು ನೂರಕ್ಕೆ 80ರಷ್ಟು ಹಿಡಿದರೂ 62,000 ಲೀಟರ್. ಐವರ ಕುಟುಂಬಕ್ಕೆ ಮೂರು ತಿಂಗಳ ನೀರು.

ತಾರಸಿಯ ಇಳಿಜಾರು ಒಂದೇ ಬದಿಗೆ ಇರಲಿ, ಪೈಪು ಫಿಲ್ಟರ್ ಮೂಲಕ ಸಂಪಿಗೆ ಬರಲಿ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಲು ಪ್ರತ್ಯೇಕ ವಾಲ್ವ್ ಬೇಕು. ಸಂಪು ತುಂಬಿದ ಮೇಲೆ ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ. ಒಳಚರಂಡಿಗೆ ಮಾತ್ರ ಮಳೆನೀರು ಬಿಡಬೇಡಿ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸುಗ್ಗಿ ಕೇಂದ್ರವಿದೆ. ಮೇಸ್ತ್ರಿಯನ್ನೂ ಕರೆದೊಯ್ದು ಮಾದರಿಗಳನ್ನು ತೋರಿಸಿದರೆ ಬಾಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ.

6. ಕರೆಂಟು: ಮಂಚ ಮೊದಲು, ಸ್ವಿಚ್ ಆಮೇಲೆ

ಕೋಣೆಯ ನಕ್ಷೆಯಲ್ಲಿ ಮಂಚ, ಬೀರು, ಟಿವಿ, ಬಾಗಿಲು ತೆರೆಯುವ ದಿಕ್ಕು ಗುರುತಿಸಿ, ಆಮೇಲೆ ಪಾಯಿಂಟ್ ಹಾಕಿ. ಇಲ್ಲವಾದರೆ ಸ್ವಿಚ್‌ಬೋರ್ಡ್ ಬಾಗಿಲ ಹಿಂದೆ ಅಡಗುತ್ತದೆ, ಚಾರ್ಜರ್ ಪಾಯಿಂಟ್ ಬೀರುವಿನ ಬೆನ್ನಿಗೆ ಬೀಳುತ್ತದೆ.

ನಂತರ ಲೋಡ್ ಲೆಕ್ಕ. 2 ಕಿಲೋವ್ಯಾಟ್‌ನ ಎರಡು ಗೀಸರ್, ಒಂದೂವರೆ ಕಿಲೋವ್ಯಾಟ್ ಎಸಿ, 2 ಕಿಲೋವ್ಯಾಟ್ ಇಂಡಕ್ಷನ್ ಒಲೆ, ನೀರು ಕಾಯಿಸುವ ವಾಷಿಂಗ್ ಮಷಿನ್‌ಗೆ 2, ಮುಕ್ಕಾಲು ಕಿಲೋವ್ಯಾಟ್ ಮೋಟರ್. ಇಷ್ಟಕ್ಕೇ 10 ದಾಟಿತು. ಎಲ್ಲವೂ ಒಟ್ಟಿಗೆ ಓಡುವುದಿಲ್ಲ, ಆದರೂ ಬೆಳಗಿನ ಹೊತ್ತು ಅರ್ಧದಷ್ಟು ಓಡುತ್ತದೆ. ಮುಂದೆ ಎಲೆಕ್ಟ್ರಿಕ್ ಕಾರು ಬರಬಹುದಾದ್ದರಿಂದ ಮೂರು ಫೇಸ್ ಸಂಪರ್ಕವನ್ನೇ ಯೋಚಿಸಿ. ದೀಪಕ್ಕೆ 1.5, ಮಾಮೂಲು ಸಾಕೆಟ್‌ಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿ.ಮೀ. ತಾಮ್ರದ ವೈರು ಸಾಮಾನ್ಯ ಕ್ರಮ. ಶಾಕ್ ಹೊಡೆದಾಗ ಕರೆಂಟು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್: ಈ ಎರಡರಲ್ಲಿ ಉಳಿತಾಯ ಬೇಡ.

ತಾರಸಿಯಿಂದ ಮೀಟರ್ ಬೋರ್ಡ್‌ಗೆ ಒಂದು ಖಾಲಿ ಪೈಪು ಈಗಲೇ ಹಾಕಿಸಿಡಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೌರಫಲಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಪ್ರತಿ ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಇಂಟರ್ನೆಟ್, ಸಿಸಿಟಿವಿ, ಇನ್ವರ್ಟರ್‌ಗೂ ಬೇರೆ ಬೇರೆ ಪೈಪುಗಳಿರಲಿ.

7. ಮುಚ್ಚುವ ಮುನ್ನ ಪರೀಕ್ಷೆ

- ಮೋಲ್ಡ್ ಹಿಂದಿನ ದಿನ: ಕಂಬಿಯ ನಡುವಿನ ವೈರಿಂಗ್ ಪೈಪು, ಫ್ಯಾನ್ ಬಾಕ್ಸ್ ಎಣಿಸಿ. ಬೀಮ್ ದಾಟುವ ಪೈಪಿಗೆ ಎಂಜಿನಿಯರ್ ಒಪ್ಪಿದ ಜಾಗದಲ್ಲಿ ಸ್ಲೀವ್ (ಹೊರಕವಚದ ಪೈಪು) ಕೂರಿಸಿದ್ದಾರೆಯೇ ನೋಡಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಬೀಮ್ ಕೊರೆಯಲು ಯಾರಿಗೂ ಬಿಡಬೇಡಿ.
- ಬಚ್ಚಲಿನ ವಾಟರ್‌ಪ್ರೂಫಿಂಗ್ ಆದ ಮೇಲೆ: ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ಒದ್ದೆಯಾಯಿತೇ ಪರೀಕ್ಷಿಸಿ.
- ಪ್ಲಾಸ್ಟರಿಂಗ್‌ಗೆ ಮುನ್ನ: ನೀರಿನ ಪೈಪಿಗೆ ಪಂಪ್ ಜೋಡಿಸಿ ಒತ್ತಡ ಪರೀಕ್ಷೆ ಮಾಡಿಸಿ. ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ಹೇಳುವುದು ಆ ಫೋಟೊ ಮಾತ್ರ.

8. ಒಪ್ಪಂದದಲ್ಲಿ ಬರೆಸಿ

‘ಚದರಕ್ಕೆ ಇಷ್ಟು’ ಎಂಬ ದರದೊಳಗೆ ಸಂಪು, ಕಾಂಪೌಂಡ್, ಇಂಗುಗುಂಡಿ, ಮ್ಯಾನ್‌ಹೋಲ್‌ವರೆಗಿನ ಪೈಪು ಬರುತ್ತವೆಯೇ ಕೇಳಿ. ಎಷ್ಟೋ ಸಲ ಬರುವುದಿಲ್ಲ, ಬಜೆಟ್ ಹದ ತಪ್ಪುವುದೇ ಅಲ್ಲಿ. ವೈರು, ಪೈಪು, ನಲ್ಲಿಯ ಬ್ರ್ಯಾಂಡ್ ಮತ್ತು ಅಳತೆ ಕಾಗದದ ಮೇಲಿರಲಿ. ಮೇಲೆ ಹೇಳಿದ ಒಂದೊಂದು ಪರೀಕ್ಷೆಗೂ ಒಂದೊಂದು ಕಂತನ್ನು ಕಟ್ಟಿಹಾಕಿ. ಬಚ್ಚಲು ಸೋರಲಿಲ್ಲ ಎಂದಾದ ಮೇಲೆ ಆ ಕಂತು, ಎಲ್ಲೆಲ್ಲಿ ಏನು ಹಾಕಿದ್ದಾರೆ ಎಂಬ ಅಂತಿಮ ನಕ್ಷೆ ಕೈಗೆ ಬಂದ ಮೇಲೆ ಕೊನೆಯ ಕಂತು. ಗೃಹಪ್ರವೇಶದ ಅವಸರದಲ್ಲಿ ಈ ಕ್ರಮ ಸಡಿಲಿಸಿದರೆ, ಆಮೇಲೆ ಮೇಸ್ತ್ರಿಯನ್ನು ವಾಪಸ್ ಕರೆಸಲು ನಿಮ್ಮ ಕೈಯಲ್ಲಿ ಯಾವ ಹಿಡಿತವೂ ಉಳಿಯುವುದಿಲ್ಲ.